ಪೆಟ್ಟಿಗೆ ಅದೇ, ಬೋರ್ಡು ಬೇರೆ

ಜೂನ್ 9

ಅಕ್ಕ,

ರಾತ್ರಿ ಎರಡೂವರೆಗೆ ‘ಟಪ್’ ಅಂತ ಒಂದು ಸದ್ದಾಯಿತು, ಯಾರೋ ಕಡಲೆಕಾಯಿ ಒಡೆದ ಹಾಗೆ. ಕಣ್ಣು ಬಿಡುವ ಮೊದಲೇ ನನ್ನ ಕೈ ತೊಟ್ಟಿಲೊಳಗೆ ಹೋಗಿತ್ತು. ಮಗುವಿನ ಹೊಟ್ಟೆ ಏರಿತು, ಇಳಿಯಿತು, ಮತ್ತೆ ಏರಿತು. ಆಮೇಲೆ ನಾನೂ ಉಸಿರು ಬಿಟ್ಟೆ. ಆಗ ವಾಸನೆ ಬಂತು: ಕೊಳೆತ ಮೀನು, ಅದರ ಮೇಲೆ ಸುಟ್ಟ ಪ್ಲಾಸ್ಟಿಕ್ಕು. ಪ್ರಾಣ ಬಿಟ್ಟದ್ದು ಮನೆಅಳಿಯ.

ಮೂರು ಕಂಪನಿಯ ಮದರ್‌ಬೋರ್ಡ್ ಕಳಿಸಿ “ಹೇಗೂ ನಿನಗೆ ನಿದ್ದೆ ಇಲ್ಲ, ಇವನ್ನೂ ಕಾಯ್ದುಕೋ” ಅಂದಿದ್ದೆಯಲ್ಲ, ಇಗೋ ವರದಿ. ಮೂರಕ್ಕೂ ನಾನೇ ಹೆಸರಿಟ್ಟಿದ್ದೇನೆ: ಮನೆಅಳಿಯ, ಜಂಬದಕೋಳಿ, ಗುಮಾಸ್ತ. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ, ಬರೆದರೆ ಕೆಲಸವಾಗುತ್ತದೆ ಅಂತ ಕಂಪ್ಯೂಟರ್ ಅಂಗಡಿ ತೆರೆದಾಗ ನೀನೇ ಮಾಡಿದ ಕಾನೂನು. ಅದರಂತೆ ಬೋರ್ಡುಗಳ ಪೆಟ್ಟಿಗೆಯಲ್ಲೇ ಇದನ್ನೂ ಇಟ್ಟು ಪಾರ್ಸಲ್ ವ್ಯಾನಿನವರ ಕೈಗೆ ಕೊಡುತ್ತೇನೆ.

ಮನೆಅಳಿಯ ಅಗ್ಗಕ್ಕೆ ಸಿಕ್ಕಿದ, ಅಗ್ಗದ ಹಾಗೇ ಇದ್ದ. ತಂಪಾಗಿ ಕೂರಿಸಿ ಉಪಚಾರ ಮಾಡಿದಷ್ಟು ದಿನ ಸೊಗಸು. ಕೆಲಸ ಕೊಟ್ಟು ಬಾಗಿಲು ಮುಚ್ಚಿದೆ ನೋಡು, ಕರೆಂಟು ಹಿಡಿದಿಡುವ ಆ ಪುಟ್ಟ ಡಬ್ಬಿಗಳು, ಕೆಪಾಸಿಟರ್‌ಗಳು, ತಲೆ ಊದಿಸಿಕೊಂಡವು. ಈಗ ಒಂದು ಒಡೆದೇ ಹೋಯಿತು. ಇದನ್ನು ಆಗದವರಿಗೂ ಮಾರಬೇಡ.

ಜಂಬದಕೋಳಿಯ ಮೈತುಂಬ ದೀಪ. ತಪ್ಪು ಹೇಳಬಾರದು, ಗುಣದಲ್ಲಿ ಮೂರರಲ್ಲಿ ಅದೇ ಮೇಲು. ಎಷ್ಟು ಹಿಂಸೆ ಕೊಟ್ಟರೂ ಬೆವರಲಿಲ್ಲ. ಆದರೆ ಗುಮಾಸ್ತನ ಎರಡರಷ್ಟು ಬೆಲೆ, ಅದರಲ್ಲಿ ಅರ್ಧ ಆ ದೀಪಗಳಿಗೇ. ಮುಚ್ಚಿದ ಕಪಾಟಿನೊಳಗೆ ಕೂರುವ ಕಂಪ್ಯೂಟರಿಗೆ ಸಿಂಗಾರ ಯಾಕೆ? ಕೆಟ್ಟರೆ ರಿಪೇರಿಗೆ ಕಳಿಸಿ ಕಾಯುವಷ್ಟರಲ್ಲಿ ತೊಟ್ಟಿಲಲ್ಲಿರುವ ನನ್ನ ಮುಷ್ಟಿ ನಡೆಯಲು ಕಲಿತಿರುತ್ತಾಳೆ.

ಇನ್ನು ಗುಮಾಸ್ತ. ಬಣ್ಣವಿಲ್ಲ, ಬೆಡಗಿಲ್ಲ, ಪೆಟ್ಟಿಗೆಯೂ ಬೂದು. ಪ್ರೊಸೆಸರಿಗೆ ಕರೆಂಟು ಹದ ಮಾಡಿ ಕೊಡುವ ಭಾಗದ ಮೇಲೆ ದಪ್ಪನೆಯ ಅಲ್ಯುಮಿನಿಯಂ ಗಟ್ಟಿ ಕೂರಿಸಿದ್ದಾರೆ, ಶಾಖ ಹೀರಲಿ ಅಂತ. ಮುಚ್ಚಿದ ಪೆಟ್ಟಿಗೆಯಲ್ಲಿ ಹಗಲೂ ರಾತ್ರಿ ದುಡಿಸಿದೆ. ಬಂದ, ಕೂತ, ಕೆಲಸ ಮಾಡಿದ, ಒಂದು ಮಾತಿಲ್ಲ. ಬೆಲೆಗೂ ಇದೇ ಸರಿ, ನಂಬಿಕೆಗೂ ಇದೇ ಸರಿ. ಆಸ್ಪತ್ರೆಯವರು ಕೇಳಿರುವ ಕಂಪ್ಯೂಟರಿಗೆ ಇದನ್ನೇ ಹಾಕು.

ಆಸ್ಪತ್ರೆಗೆ ಅಂತ ನೀನು ಹೇಳಿದ ದಿನದಿಂದ ಒಂದೊಂದನ್ನೂ ಮತ್ತೆ ಮತ್ತೆ ಓಡಿಸಿ ನೋಡಿದ್ದೇನೆ. ದಿನ ತುಂಬದೆ ಹುಟ್ಟಿದ ಕೂಸುಗಳ ಆ ವಾರ್ಡಿನಲ್ಲಿ ನಾನು ಎಷ್ಟು ದಿನ ಕೂತಿದ್ದೆ ನಿನಗೆ ಗೊತ್ತು. ತೊಟ್ಟಿಲ ಪಕ್ಕದ ಯಂತ್ರದ ಸದ್ದನ್ನು ಬೇಕೆಂದೇ ತಗ್ಗಿಸಿರುತ್ತಾರೆ, ಕೂಸುಗಳು ಬೆಚ್ಚುತ್ತವೆ ಅಂತ. ಗಾಜಿನ ಬಾಗಿಲಿನ ಆಚೆ ಸಿಸ್ಟರ್ ಮೇಜಿನಲ್ಲಿರುವ ಕಂಪ್ಯೂಟರ್ ಕೂಗಿದರೆ ಮಾತ್ರ ಅವರು ಓಡಿಬರುತ್ತಾರೆ. ಮುಷ್ಟಿ ಉಸಿರಾಡುವುದು ಮರೆತಾಗಲೆಲ್ಲ ಅದು ಕೂಗಿದೆ. ಕೂಗಿದ್ದಕ್ಕೇ ಅವಳು ಇವತ್ತು ನನ್ನ ಪಕ್ಕ ಮಲಗಿದ್ದಾಳೆ. ಅಂಥ ಮೇಜಿಗೆ ಹೋಗುವ ಬೋರ್ಡು, ಅಕ್ಕ. ನಿನಗೆ ಬೇರೆ ಹೇಳಬೇಕಾಗಿಲ್ಲ.

ಮನೆಅಳಿಯನ ಹೆಣವೂ ಪೆಟ್ಟಿಗೆಯಲ್ಲಿದೆ. ಭಾವನಿಗೆ ತೋರಿಸು, ಅವರಿಗೆ ಅಗ್ಗದ ಮೇಲೆ ಮೋಹ.

ನಿನ್ನ ತಂಗಿ


ಜೂನ್ 14

ಏನೇ ಇಂಜಿನಿಯರಮ್ಮ,

ನಿನ್ನ ವರದಿ ಓದಿ ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕೆವು. ಮನೆಅಳಿಯನನ್ನ ನೋಡಿ ನಿಮ್ಮ ಭಾವ ಮುಖ ಸಪ್ಪೆ ಮಾಡ್ಕೊಂಡು, “ನನ್ನನ್ನೇ ಅಂದಿದ್ದಾಳೆ ಇವಳು” ಅಂದರು. ನಾನು ಇಲ್ಲ ಅನ್ನೋಕೆ ಹೋಗಲಿಲ್ಲ.

ಸಿಹಿ ಸುದ್ದಿ ಹೇಳ್ತೀನಿ ಕೇಳು. ಆಸ್ಪತ್ರೆ ಆರ್ಡರ್ ನಮಗೇ ಸಿಕ್ತು! ಊರಿಗೆಲ್ಲ ಕಂಪ್ಯೂಟರ್ ಮಾರೋ ಆ ದೊಡ್ಡ ಅಂಗಡಿಯವನನ್ನ ಹಿಂದೆ ಹಾಕಿದೀವಿ ಕಣೇ. ಡಾಕ್ಟರಮ್ಮನ ಮುಂದೆ ನಿನ್ನ ವರದಿ ಇಟ್ಟೆ. ಅವರು ಓದ್ತಾ ಇದ್ದರು, ನಾನು ಮೆತ್ತಗೆ ಹೇಳಿದೆ, “ಮೇಡಂ, ಇದನ್ನ ಬರೆದೋಳ ಮಗು ಇದೇ ವಾರ್ಡಿನಲ್ಲಿ ಬದುಕಿದ್ದು. ಆ ತಾಯಿ ಆರಿಸಿದ ಬೋರ್ಡು ಇದು.” ಅಷ್ಟೇ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆ ದೊಡ್ಡ ಅಂಗಡಿಯವನು ಬೆಲೆ ಪಟ್ಟಿ ಹಿಡ್ಕೊಂಡು ಪಿಳಿಪಿಳಿ ನೋಡ್ತಿದ್ದ.

ಇದು ಚೆನ್ನಾಗಿ ಆದರೆ ಅವರ ಬೇರೆ ಆಸ್ಪತ್ರೆಗಳೂ ನಮಗೇ ಅಂತ ಮಾತು ಕೊಟ್ಟಿದಾರೆ. ಕೇಬಲ್ಲು ಮೌಸು ಮಾರ್ಕೊಂಡು ಕೂತಿದ್ದ ಅಂಗಡಿ ಇದು, ನೆನಪಿದೆಯಾ?

ನೀನಿನ್ನು ಮಲಗೇ ತಾಯಿ. ಬಾಣಂತಿ ಕೈಲಿ ಕೆಲಸ ತೆಗೀತೀಯಾ ಅಂತ ಜನ ನನ್ನ ಬೈತಾರೆ. ಮುಷ್ಟಿಗೆ ದೊಡ್ಡಮ್ಮನ ಮುತ್ತು.

ನಿನ್ನ ಅಕ್ಕ


ಜೂನ್ 30

ಅಕ್ಕ,

ತಕ್ಷಣ ಬರೆಯಬಾರದು ಅಂತ ಇಷ್ಟು ದಿನ ತಡೆದುಕೊಂಡೆ. ಆರ್ಡರ್ ಸಿಕ್ಕಿದ್ದಕ್ಕೆ ಸಂತೋಷ. ಬೋರ್ಡಿನ ಗುಣ ಹೇಳಿ ಗೆದ್ದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು. ನನ್ನ ಮಗುವಿನ ಉಸಿರನ್ನು ಮೇಜಿನ ಮೇಲೆ ಇಟ್ಟು ವ್ಯಾಪಾರ ಕುದುರಿಸಿದೆಯಲ್ಲ, ಹಾಗೆ ಮಾಡುವ ಮೊದಲು ಒಂದು ಮಾತು ಕೇಳಬೇಕಿತ್ತು. ರಾತ್ರಿ ಮನೆಯಲ್ಲಿ ಇವರಿಗೆ ಹೇಳಿದೆ. “ನಿಮ್ಮಕ್ಕ ಇನ್ನೇನು ಮಾಡ್ತಾರೆ, ವ್ಯಾಪಾರದೋರು” ಅಂದು ಮಗ್ಗಲು ಬದಲಿಸಿದರು. ಗಂಡಸರಿಗೆ ಎಲ್ಲವೂ ಸಲೀಸು.

ಹೋಗಲಿ. ಒಂದೇ ಒಂದು ಬೇಡಿಕೆ. ಬೋರ್ಡುಗಳ ಹೊಸ ಕಂತು ಬಂದಾಗ ಅದರಿಂದ ಒಂದನ್ನು ತೆಗೆದು ನನಗೆ ಕಳಿಸು. ನಮ್ಮ ಪದ್ಧತಿ ಅದೇ ಅಲ್ಲವಾ? ತೋರಿಸಲು ಕೊಟ್ಟ ಮಾಲು ಒಂದು, ಗಾಡಿಯಲ್ಲಿ ಬಂದ ಮಾಲು ಒಂದು ಅಂತ ಎಷ್ಟು ಸಲ ಮೋಸ ಹೋಗಿಲ್ಲ ನಾವು? ಪ್ರತಿ ಕಂತಿನಲ್ಲೂ ಒಂದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ವಾರವಿಡೀ ಓಡಿಸದೆ ಉಳಿದದ್ದನ್ನು ಮುಟ್ಟಬಾರದು ಅಂತ ಗೋಡೆಯ ಮೇಲೆ ಬರೆದು ಅಂಟಿಸಿದವಳು ನೀನು.

ಮುಷ್ಟಿ ಈಗ ನಗುತ್ತಾಳೆ. ಹೆಚ್ಚಾಗಿ ಫ್ಯಾನನ್ನು ನೋಡಿ.

ತಂಗಿ


ಜುಲೈ 21

ತಂಗೀ,

ಕೋಪ ಇಳೀತಾ? ಮುಖ ಊದಿಸ್ಕೊಂಡರೆ ನೀನೂ ಮನೆಅಳಿಯನ ಕೆಪಾಸಿಟರ್ ಥರಾನೇ ಕಾಣ್ತೀಯ.

ಕಂತು ತಡವಾಗಿ ಬಂತು. ಒಂದು ಬೋರ್ಡು ಕಳಿಸಿದೀನಿ, ನಿನ್ನ ಸಮಾಧಾನಕ್ಕೆ. ಆದರೆ ವಾರ ಕಾಯೋಕೆ ಆಗಲ್ಲ. ಅದೇ ಕಂಪನಿ, ಅದೇ ಮಾಡೆಲ್, ಅದೇ ಬೂದು ಪೆಟ್ಟಿಗೆ. ನೀನೇ ಪಾಸು ಮಾಡಿದ ಗುಮಾಸ್ತ. ಕಂಪ್ಯೂಟರ್ ಜೋಡಿಸೋ ಕೆಲಸ ಶುರು ಮಾಡಿಬಿಟ್ಟಿದೀವಿ. ಆಸ್ಪತ್ರೆಯವರು ದಿನಾ ಫೋನ್ ಮಾಡ್ತಾರೆ, ಹಳೇ ಕಂಪ್ಯೂಟರು ಆಮೆ ಥರ ನಡೀತಿದೆಯಂತೆ.

ಮೊಸರಲ್ಲಿ ಕಲ್ಲು ಹುಡುಕ್ತಾ ಕೂರಬೇಡ. ಹೊತ್ತು ಹೊತ್ತಿಗೆ ಊಟ ಮಾಡು.

ಅಕ್ಕ


ಜುಲೈ 26

ಅಕ್ಕ,

ಕೆಲಸ ನಿಲ್ಲಿಸು. ಇದನ್ನು ಓದಿದ ಕೂಡಲೇ ನಿಲ್ಲಿಸು.

ಇದು ಗುಮಾಸ್ತ ಅಲ್ಲ. ಅವನ ಕೋಟು ಹಾಕಿಕೊಂಡು ಬಂದ ಬೇರೆ ಯಾರೋ. ಪೆಟ್ಟಿಗೆ ಅದೇ, ಮೇಲಿನ ಹೆಸರೂ ಅದೇ. ಆದರೆ ಬೋರ್ಡಿನ ಮೂಲೆಯಲ್ಲಿ, ಸ್ಕ್ರೂ ಕೂರುವ ತೂತಿನ ಪಕ್ಕ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ರಿವಿಷನ್ ನಂಬರ್ ಇರುತ್ತದಲ್ಲ, ಅದನ್ನು ನೋಡು. ನಾನು ಪಾಸು ಮಾಡಿದ್ದು ಒಂದನೆಯದು. ಇದು ಎರಡನೆಯದು. ಕಂಪನಿ ಯಾರಿಗೂ ಹೇಳದೆ ಒಳಗಿನ ಸಾಮಾನು ಬದಲಿಸಿದೆ. ದಪ್ಪ ಅಲ್ಯುಮಿನಿಯಂ ಗಟ್ಟಿಯ ಜಾಗದಲ್ಲಿ ಬಿಸ್ಕತ್ತಿನಂಥ ತಗಡು. ಅದರ ಕೆಳಗೆ ಕರೆಂಟು ಹದ ಮಾಡುವ ಭಾಗಗಳು ಸಾಲಾಗಿ ಇರಬೇಕು, ಅರ್ಧಕ್ಕರ್ಧ ಕಿತ್ತುಹಾಕಿದ್ದಾರೆ. ಬೆಸುಗೆಯ ಗುರುತು ಮಾತ್ರ ಉಳಿದಿದೆ, ಹಲ್ಲು ಉದುರಿದ ವಸಡಿನ ಹಾಗೆ.

ನೋಡಿದ್ದು ಹೇಳಿದೆ, ಇನ್ನು ಆದದ್ದು ಕೇಳು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ನಾನು ಬಟ್ಟೆ ಒಣಹಾಕುತ್ತಿದ್ದೆ. ಒಳಗಿಂದ ‘ಪೀಂ’ ಅಂತ ಒಂದೇ ಒಂದು ಕೂಗು. ಕಂಪ್ಯೂಟರ್ ಶುರುವಾಗುವಾಗ ಕೂಗುವ ಕೂಗು ಅದು, ಗುಂಡಿ ಒತ್ತಿದರೆ ಮಾತ್ರ ಬರಬೇಕು. ಮನೆಯಲ್ಲಿದ್ದದ್ದು ನಾನು, ಮುಷ್ಟಿ. ಅವಳಂತೂ ಗುಂಡಿ ಒತ್ತಿರಲಾರಳು. ಓಡಿಬಂದು ನೋಡಿದರೆ ಪರದೆ ಕಪ್ಪು. ಆಮೇಲೆ ನಿಧಾನವಾಗಿ, ಏನೂ ಆಗಿಲ್ಲ ಅನ್ನುವ ಹಾಗೆ, ಎದ್ದು ಕೂತಿತು. ನಿನ್ನೆಯೂ ಹಾಗೇ ಆಯಿತು.

ಕಾದು, ತಡೆಯಲಾರದೆ, ತಾನೇ ಸತ್ತು ತಾನೇ ಹುಟ್ಟುತ್ತಿದೆ. ಮನೆಯಲ್ಲಿ ಸಿನಿಮಾ ನೋಡುವವನಿಗೆ ಆದರೆ ಬೈದುಕೊಂಡು ಸುಮ್ಮನಾಗುತ್ತಾನೆ. ಸಿಸ್ಟರ್ ಮೇಜಿನಲ್ಲಿ ಆದರೆ? ಮತ್ತೆ ಎದ್ದ ಮೇಲೂ ಆ ವಾರ್ಡಿನ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ, ಯಾರಾದರೂ ಬಂದು ಪಾಸ್‌ವರ್ಡ್ ಹಾಕಬೇಕು. ಅವರು ಒಳಗೆ ಒಂದು ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದರೆ ಇನ್ನೊಂದು ಕೂಸಿನ ಪರವಾಗಿ ಕೂಗುವವರು ಯಾರು?

ಒಂದನೆಯ ರಿವಿಷನ್ನಿನ ಬೋರ್ಡು ಎಲ್ಲಾದರೂ ಉಳಿದಿರುತ್ತದೆ, ಹುಡುಕಿಸು. ಸಿಗದಿದ್ದರೆ ಜಂಬದಕೋಳಿಯನ್ನೇ ಹಾಕು, ನಷ್ಟವಾದರೆ ಆಗಲಿ.

ತಂಗಿ


ಜುಲೈ 30

ತಂಗೀ,

ಬೋರ್ಡು ಸಪ್ಲೈ ಮಾಡಿದವನನ್ನ ಕೇಳಿದೆ. ರಿವಿಷನ್ ಅಂದರೆ ಸುಧಾರಣೆ, ಹೊಸದು ಇನ್ನೂ ಚೆನ್ನಾಗಿರುತ್ತೆ ಅಂದ. ವಾಪಸ್ ತಗೊಳ್ಳಲ್ಲ ಅಂತಾನೂ ಅಂದ. ಇಲ್ಲಿ ಜೋಡಿಸಿದ ಎಲ್ಲಾ ಕಂಪ್ಯೂಟರನ್ನೂ ಬೆಳಗ್ಗೆಯಿಂದ ಸಂಜೆತನಕ ಓಡಿಸಿದೀವಿ. ಒಂದೂ ಕಮಕ್ ಕಿಮಕ್ ಅಂದಿಲ್ಲ.

ನಿನ್ನ ಮನೆ ಕರೆಂಟು ಹೋಗಿ ಬಂದಿರಬೇಕು.

ಈಗ ನಾನು ಹೇಳೋದನ್ನ ಬೇಜಾರು ಮಾಡ್ಕೊಳ್ಳದೆ ಕೇಳು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಎಷ್ಟೋ ದಿನ ನಿನಗೆ ವಾರ್ಡಿನ ಕೂಗು ಕೇಳ್ತಿತ್ತು. ಸ್ನಾನ ಮಾಡ್ತಾ ಇದ್ದೋಳು ಒದ್ದೆ ಮೈಯಲ್ಲೇ ಓಡಿಬಂದಿದ್ದೆ, “ಅಕ್ಕಾ ಕೂಗ್ತಿದೆ ಕೂಗ್ತಿದೆ” ಅಂತ. ಏನೂ ಕೂಗ್ತಿರಲಿಲ್ಲ. ನಾನೇ ನಿನ್ನ ಹಿಡ್ಕೊಂಡು ಕೂತಿದ್ದೆ. ಆಗ ಡಾಕ್ಟರು ನಿದ್ದೆ ಮಾಡು, ಇಲ್ಲದಿದ್ದರೆ ತಲೆ ಕೆಡುತ್ತೆ ಅಂದಿದ್ದರು. ನೀನು ಮಾಡಿದೆಯಾ?

ನಿಮ್ಮ ಭಾವನೂ ಅದೇ ಅಂದರು. “ಬಾಣಂತಿ ಮಾತು ಕಟ್ಕೊಂಡು ಆರ್ಡರ್ ಕಳ್ಕೊಳ್ಳೋಣವಾ?” ಈ ಬೋರ್ಡನ್ನ ಹಾಕು ಅಂದೋಳು ನೀನೇ, ತೆಗಿ ಅನ್ನೋಳೂ ನೀನೇ. ಡಾಕ್ಟರಮ್ಮನ ಮುಂದೆ ಯಾವ ಮುಖ ಇಟ್ಕೊಂಡು ಹೋಗಲಿ?

ಪೆಟ್ಟಿಗೆಯಲ್ಲಿ ಇನ್ನು ಪತ್ರ ಇಡಬೇಡ. ವ್ಯಾನಿನವರು ಓದ್ತಾರೆ.

ಅಕ್ಕ


ಆಗಸ್ಟ್ 5

ಅಕ್ಕ,

ಪೆಟ್ಟಿಗೆಯಲ್ಲಿ ಇಡುತ್ತಿಲ್ಲ, ಅಂಚೆಗೆ ಹಾಕುತ್ತಿದ್ದೇನೆ.

ಕರೆಂಟು ಹೋಗಿರಲಿಲ್ಲ. ಹೋಗಿದ್ದರೆ ಮೈಕ್ರೋವೇವ್ ಗಡಿಯಾರ ಸೊನ್ನೆಗೆ ಬಂದು ಮಿಟುಕುತ್ತಾ ಇರುತ್ತದೆ. ಅದು ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು.

ನೀವು ಬೆಳಗ್ಗೆಯಿಂದ ಸಂಜೆವರೆಗೆ ಓಡಿಸಿದ್ದು ಎ.ಸಿ. ಹಾಕಿದ ಅಂಗಡಿಯಲ್ಲಿ, ಕ್ಯಾಬಿನೆಟ್ಟಿನ ಬಾಗಿಲು ತೆರೆದು. ಅಲ್ಲಿ ಅದು ಯಾಕೆ ಸಾಯುತ್ತದೆ? ಆಸ್ಪತ್ರೆಯಲ್ಲಿ ಅದು ಮೇಜಿನ ಕೆಳಗೆ ಬೀಗ ಹಾಕಿದ ಕಪಾಟಿನಲ್ಲಿ ಇರುತ್ತದೆ, ಕೂಸುಗಳಿಗಾಗಿ ಬೆಚ್ಚಗಿಟ್ಟ ಜಾಗದಲ್ಲಿ. ನಿನಗಿದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಒದ್ದೆ ಮೈಯಲ್ಲಿ ಓಡಿಬಂದದ್ದು ನಿಜ. ನೀನು ಟವೆಲ್ ಸುತ್ತಿ, ತಲೆ ಒರೆಸಿ, ಯಾರಿಗೂ ಹೇಳಲ್ಲ ಅಂದಿದ್ದೆ. ಭಾವನಿಗೆ ಹೇಳಿದ್ದೀಯ ಅಂತ ನಿನ್ನ ಪತ್ರದಿಂದಲೇ ತಿಳಿಯಿತು.

ಆಗ ಕೂಗು ಇಲ್ಲದೆ ಕೇಳಿಸುತ್ತಿತ್ತು. ಈಗ ಕೂಗು ಇದ್ದು ಕೇಳಿಸುತ್ತಿದೆ. ಎರಡಕ್ಕೂ ವ್ಯತ್ಯಾಸ ನನಗೆ ಗೊತ್ತು, ಯಾಕೆಂದರೆ ಎರಡನ್ನೂ ಅನುಭವಿಸಿದವಳು ನಾನು. ಬಾಣಂತಿ ಅಂತ ಹೇಳಿದಾಗಲೆಲ್ಲ ನೀವು ನನ್ನ ಡಿಗ್ರಿ, ನನ್ನ ಕೈ, ಈ ಅಂಗಡಿಗೆ ನಾನು ಸುಟ್ಟುಕೊಂಡ ಬೆರಳು ಎಲ್ಲವನ್ನೂ ಗುಡಿಸಿ ಮೂಲೆಗೆ ತಳ್ಳುತ್ತೀರಿ. ನಿನ್ನ ಕೆಲಸಕ್ಕೆ ಬೇಕಾದಾಗ ನಾನು ಆ ವಾರ್ಡಿನ ತಾಯಿ; ಬೇಡವಾದಾಗ ನಾನು ತಲೆಕೆಟ್ಟ ಬಾಣಂತಿ.

ಉತ್ತರ ಬರಿ. ಒಂದು ಸಾಲಾದರೂ ಸಾಕು.

ತಂಗಿ


ಆಗಸ್ಟ್ 11, ರಾತ್ರಿ

ಅಕ್ಕ,

ನೀನು ಬರೆಯಲಿಲ್ಲ. ನಿನ್ನ ಫೋನಿಗೆ ಮಾಡಿದೆ, ಭಾವನ ಫೋನಿಗೂ ಮಾಡಿದೆ. ಒಂದು ರಿಂಗಾಗಿ ಕಟ್ಟಾಗುತ್ತದೆ. ನನ್ನ ನಂಬರನ್ನು ತಡೆಹಿಡಿದಿದ್ದೀರಿ, ಅಷ್ಟು ಅರ್ಥವಾಗುತ್ತದೆ. ಅದಕ್ಕೇ ಇದನ್ನು ಇವರ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ನಿನ್ನ ಮನೆಯ ಬಾಗಿಲು ಬಡಿಯಿರಿ, ತೆಗೆಯದಿದ್ದರೆ ಕೆಳಗಿನ ಸಂದಿಯಲ್ಲಿ ತೂರಿಸಿ ಗಂಟೆ ಒತ್ತುತ್ತಲೇ ಇರಿ ಅಂದಿದ್ದೇನೆ.

ಇವತ್ತು ಮುಷ್ಟಿಯ ತೂಕ ನೋಡಿಸಲು ಆಸ್ಪತ್ರೆಗೆ ಹೋಗಿದ್ದೆ. ದೊಡ್ಡ ಸಿಸ್ಟರ್ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದರು. “ಬಾಮ್ಮಾ, ಬಾ, ನೋಡು, ನಿಮ್ಮಕ್ಕನ ಅಂಗಡೀದು! ನೀನೇ ಆರಿಸಿದ್ದಂತೆ! ನಾಳೆ ಬೆಳಗ್ಗೆ ಎಂಟು ಗಂಟೆಗೆ ಹಳೇದನ್ನ ತೆಗೆದು ಇದನ್ನ ಶುರು ಮಾಡ್ತಾರೆ.” ಮೇಜಿನ ಮೇಲೆ ಹೊಸ ಪರದೆ, ಇನ್ನೂ ಪ್ಲಾಸ್ಟಿಕ್ ಹಾಳೆ ಸುಲಿದಿಲ್ಲ. ಕೆಳಗಿನ ಕಪಾಟಿನಲ್ಲಿ ನಿನ್ನ ಕಂಪ್ಯೂಟರ್. ಗಾಜಿನ ಆಚೆ ನೋಡಿದೆ. ತೊಟ್ಟಿಲು ಒಂದೂ ಖಾಲಿ ಇಲ್ಲ. ನಾನು ಕೂರುತ್ತಿದ್ದ ಸ್ಟೂಲಿನ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು, ಕೂದಲು ಬಾಚದೆ, ಪರದೆಯ ಮೇಲಿನ ಗೆರೆಯನ್ನು ನುಂಗುವ ಹಾಗೆ ನೋಡುತ್ತಾ. ದೊಡ್ಡ ಸಿಸ್ಟರ್ ಅವಳಿಗೆ ನನ್ನನ್ನು ತೋರಿಸಿ, “ಹೆದರಬೇಡ, ಇವಳ ಮಗಳೂ ಹೀಗೇ ಇದ್ದಳು, ನೋಡೀಗ ಹೇಗಿದ್ದಾಳೆ” ಅಂದರು. ಆ ಹುಡುಗಿ ನಕ್ಕಳು.

ನಾನೂ ನಕ್ಕೆ, ಅಕ್ಕ. ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ನಿನ್ನ ಅಂಗಡಿ ಮುಗಿಯುತ್ತಿತ್ತು. ನಿನಗೆ ಮೊದಲು ಹೇಳಬೇಕು, ನೀನೇ ಹೋಗಿ ತೆಗೆಸಬೇಕು ಅಂತ ನಾಲಿಗೆ ಕಚ್ಚಿಕೊಂಡು ಮನೆಗೆ ಬಂದೆ. ಬಂದು ಮತ್ತೆ ಬೋರ್ಡನ್ನು ಪೆಟ್ಟಿಗೆಯಲ್ಲಿಟ್ಟು ಓಡಿಸಿದೆ. ಸುಳ್ಳಾಗಲಿ, ನಾನೇ ಸುಳ್ಳಾಗಲಿ ಅಂತ ಬೇಡಿಕೊಂಡೇ ಓಡಿಸಿದೆ. ಈಗ ಸ್ವಲ್ಪ ಹೊತ್ತಿನ ಹಿಂದೆ ಅದು ಸತ್ತಿತು. ಈ ಸಲ ಇವರೂ ಎದುರಿಗೇ ಇದ್ದರು, ಅನ್ನ ಕಲೆಸುತ್ತಿದ್ದರು. ಪರದೆ ಕಪ್ಪಾಯಿತು, ‘ಪೀಂ’ ಅಂದಿತು. ಅವರ ಕೈ ತಟ್ಟೆಯಲ್ಲೇ ನಿಂತಿತು. “ಏ, ಇದು ನಿಜವಾಗ್ಲೂ ಆಗುತ್ತಾ?” ಅಂದರು. ಮದುವೆಯಾಗಿ ಇಷ್ಟು ದಿನವಾದ ಮೇಲೆ, ನನ್ನ ಮಾತನ್ನು ನಂಬಲು ಅವರಿಗೂ ಒಂದು ಯಂತ್ರ ಸಾಕ್ಷಿ ಹೇಳಬೇಕಾಯಿತು. ಈಗ ಬಾಗಿಲಲ್ಲಿ ಸ್ಕೂಟರ್ ಕೀ ಹಿಡಿದು, “ಬೇಗ ಮುಗಿಸು ಮಾರಾಯ್ತಿ, ಕಾದಂಬರಿ ಬರೀತಿದೀಯಾ?” ಅನ್ನುತ್ತಿದ್ದಾರೆ.

ಅವರ ಮಾತನ್ನಾದರೂ ಕೇಳು. ಅವರು ಹೆತ್ತವರಲ್ಲ, ಬಾಣಂತಿಯಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಾರೆ.

ಡಾಕ್ಟರಮ್ಮನಿಗೆ ಮುಖ ಹೇಗೆ ತೋರಿಸಲಿ ಅಂತ ನೀನು ಕೇಳಿದ್ದೆ. ದಾರಿ ನಾನು ಹೇಳುತ್ತೇನೆ. ನಿನ್ನ ಮೇಲೆ ಏನೂ ಬರುವುದು ಬೇಡ, ಭಾವನ ಮೇಲೂ ಬೇಡ. ಎಂಟಕ್ಕೆ ಮೊದಲು ಡಾಕ್ಟರಮ್ಮನಿಗೆ ಹೇಳು: ನನ್ನ ತಂಗಿಗೆ ತಲೆ ಸರಿಯಿಲ್ಲ, ನಿದ್ದೆಗೆಟ್ಟು ತಪ್ಪು ವರದಿ ಬರೆದುಕೊಟ್ಟಿದ್ದಾಳೆ, ನಮಗೆ ಈಗ ಗೊತ್ತಾಯಿತು, ಬೋರ್ಡು ಬದಲಿಸಿ ಕೊಡುತ್ತೇವೆ, ಅಲ್ಲಿಯವರೆಗೆ ಹಳೆಯ ಕಂಪ್ಯೂಟರೇ ಇರಲಿ. ನನ್ನನ್ನು ಕರೆಸಿ ಕೇಳಿದರೆ ಹೌದು ಅನ್ನುತ್ತೇನೆ. ಎಲ್ಲರ ಎದುರಿಗೂ ಹೌದು ಅನ್ನುತ್ತೇನೆ. ಮನೆಯೊಳಗೆ ಹೇಳುತ್ತಿದ್ದ ಮಾತನ್ನು ಒಂದು ಸಲ ಅಲ್ಲಿ ಹೇಳುವುದು ನಿನಗೆ ಕಷ್ಟವಾಗಲಾರದು.

ಹೇಳುವುದಿಲ್ಲ ಅಂದರೆ ನಾನೇ ಹೋಗುತ್ತೇನೆ. ಬೋರ್ಡನ್ನು ಒಂದು ಕೈಲಿ, ಮಗುವನ್ನು ಇನ್ನೊಂದು ಕೈಲಿ ಹಿಡಿದು ದೊಡ್ಡ ಸಿಸ್ಟರ್ ಮುಂದೆ ನಿಲ್ಲುತ್ತೇನೆ. ಕಂಪನಿ ಯಾವುದು, ಅಂಗಡಿ ಯಾರದು, ಯಾವಾಗ ಗೊತ್ತಾಯಿತು, ಯಾರಿಗೆ ಹೇಳಿದ್ದೆ, ಎಲ್ಲವನ್ನೂ ಹೇಳುತ್ತೇನೆ. ಆಮೇಲೆ ನಿನ್ನನ್ನು ಅಕ್ಕ ಅಂತ ಕರೆಯುವ ಬಾಯಿ ನನಗೆ ಉಳಿಯುವುದಿಲ್ಲ, ಕರೆದರೆ ತಿರುಗಿ ನೋಡುವ ಮನಸ್ಸು ನಿನಗೂ ಉಳಿಯುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನನಗೆ ಹೋಗಲು ಇಷ್ಟವಿಲ್ಲ. ಹೋಗದ ಹಾಗೆ ಮಾಡು.

ಬೈಯಬೇಕೆಂದಿದ್ದರೆ ಬೈ. ಮಾತಾಡಲು ಇಷ್ಟವಿಲ್ಲದಿದ್ದರೆ “ತೆಗೆಸ್ತೀನಿ” ಅನ್ನುವ ಒಂದು ಮಾತು ಹೇಳಿ ಇಟ್ಟುಬಿಡು. ನಾನು ಕೂತೇ ಇರುತ್ತೇನೆ. ಬೆಳಗಾಗುವ ಮೊದಲು ಫೋನ್ ಮಾಡು ಅಕ್ಕ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು ಮಾಡು.

ನಿನ್ನ ತಂಗಿ